ಮೂಡಲಗಿಗೆ ಹೋದ ಸೋಪು

ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ವಿದ್ಯೆ ನನಗೆ ಬರಲಿಲ್ಲ. ಮೂರನೇ ಇಯತ್ತೆಗೇ ಸಾಲೆ ಬಿಟ್ಟವಳು ನಾನು. ಅದನ್ನು ನಾಲ್ಕನೆಯದರಲ್ಲಿ ಕಲಿಸುತ್ತಿದ್ದರೋ ಏನೋ. ಮೊಮ್ಮಗಳು ಶಿಲ್ಪಾಳಿಗೆ ಗೋಕಾಕದ ಹೋಲ್‌ಸೇಲ್ ಗೋದಾಮಿನಲ್ಲಿ ನೌಕರಿ ಸಿಕ್ಕ ದಿನ ಮಮದಾಪುರದ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದೆ. ಎಮ್ಮೆಗೂ ಒಂದು ಹಿಡಿ ತಿನ್ನಿಸಿ ಸುದ್ದಿ ಹೇಳಿದೆ. ಅದು ತಲೆ ಅಲ್ಲಾಡಿಸಿದ್ದು ನೊಣಕ್ಕಲ್ಲ, ನನ್ನ ಮಾತಿಗೇ.

ಅವಳ ಕೆಲಸವೇನೆಂದರೆ, ಕಂಪನಿಗಳಿಂದ ಬಂದ ಸರಕಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವ ಅಂಗಡಿಗೆ ಯಾವುದು ಎಷ್ಟು ಹೋಗಬೇಕೆಂದು ಮೊದಲೇ ಗೊತ್ತುಮಾಡುವುದು. ಎಲ್ಲಿ ಏನು ಖಾಲಿಯಾಯಿತೆಂದು ಕಂಪ್ಯೂಟರ್ ಹೇಳುತ್ತದೆ, ಇವಳು ಟೆಂಪೋ ತುಂಬಿಸುತ್ತಾಳೆ. ನಾನೂ ಜೀವನವಿಡೀ ಇದನ್ನೇ ಮಾಡಿದವಳು. ಯಾರ ತಾಟಿಗೆ ಎಷ್ಟು ರೊಟ್ಟಿ ಎಂದು ಬಡಿಯುವ ಮೊದಲೇ ತಿಳಿಯಬೇಕಿತ್ತು. ಆದರೆ ನನಗೆ ಯಾರೂ ತಿರುಗುವ ಕುರ್ಚಿ ಕೊಡಲಿಲ್ಲ.

ಮೂರು ತಿಂಗಳು ಕೆಲಸ ನೋಡಿ ಆಮೇಲೆ ಕಾಯಂ ಮಾಡುವುದೆಂದು ಗೋದಾಮಿನ ಸಾವಕಾರರು ಹೇಳಿದ್ದರು. ಒಂದು ಸಂಜೆ ಶಿಲ್ಪಾ ಮೋರೆ ಸಣ್ಣದು ಮಾಡಿಕೊಂಡು ಬಂದಳು. "ಆಯಿ, ಮೂಡಲಗಿಗೆ ಹೊಸಾ ಬಟ್ಟಿ ಸೋಪು ಕಳಿಸೇನಿ. ಯಾರೂ ಮುಟ್ಟವಲ್ರು."

ಮೂಡಲಗಿ ನನ್ನ ತವರು! ಅವಳು ಕೈಕಾಲು ತೊಳೆಯುವುದರೊಳಗೆ, ಅಲ್ಲಿ ಕುರಿ ಸಾಕಿಕೊಂಡಿರುವ ತಮ್ಮ ಬಸಪ್ಪನಿಗೆ ಫೋನು ಹಚ್ಚಿದೆ.

"ನಮ್ಮ ಶಿಲ್ಪಾ ಕಳಿಸಿದ ಸೋಪು ಅಂಗಡ್ಯಾಗ ಹಂಗ ಕುಂತೈತಂತ. ನಿನಗ ನಾಚಿಕಿ ಬರೂದಿಲ್ಲೇನೋ?"

"ಸುಮ್ನಿರಕ್ಕಾ, ಇಲ್ಲಿ ನಾ ಅದೇನಿ, ಎಲ್ಲಾ ತಗೋತೇನಿ!"

ತವರಿನವರು ಮನೆಮಗಳ ಮಾತು ತೆಗೆದುಹಾಕುವುದಿಲ್ಲ. ತಮ್ಮಂದಿರು, ಅವರ ಬೀಗರು, ಬೀಗರ ಬೀಗರು, ಎಲ್ಲರೂ ಮದುವೆಗೆ ಆಯೇರಿಯ ಉಡುಗೊರೆ ತರುವವರ ಹಾಗೆ ಬಾಕ್ಸುಗಟ್ಟಲೆ ಒಯ್ದರು. ಬಸಪ್ಪ ಕುರಿಗಳಿಗೂ ಹಚ್ಚಿ ತೊಳೆದನಂತೆ.

ಕಂಪ್ಯೂಟರಿಗೆ ಬೀಗತನ ಏನು ಗೊತ್ತು? ಮೂಡಲಗಿಯವರಿಗೆ ಈ ಸೋಪೆಂದರೆ ಪ್ರಾಣವೆಂದು ತಿಳಿದು ಹುಕ್ಕೇರಿಯ ಪಾಲನ್ನೂ ಅಲ್ಲಿಗೇ ಬರೆಯಿತು. ಶಿಲ್ಪಾ ನಂಬಿ ಕಳಿಸಿದಳು. ಅಷ್ಟರಲ್ಲಿ ನಮ್ಮವರ ಮನೆಗಳಲ್ಲಿ ವರ್ಷಕ್ಕಾಗುವಷ್ಟು ಸೋಪು ತುಂಬಿತ್ತು. ಮೂಡಲಗಿಯ ಅಂಗಡಿಗಳಲ್ಲಿ ಕಾಲಿಡಲು ಜಾಗವಿಲ್ಲ, ಹುಕ್ಕೇರಿಯಲ್ಲಿ ಒಂದು ತುಂಡೂ ಇಲ್ಲ.

"ನಾಳೆ ಸಾವಕಾರ್ರು ಕರದಾರ. ನೌಕರಿ ಹೋದಂಗ, ಆಯಿ" ಎಂದು ಶಿಲ್ಪಾ ತಾಟು ಸರಿಸಿದಳು. "ನಾ ಎಲ್ಲಿ ತಪ್ಪಿದೆ ಅನ್ನೂದ ತಿಳಿವಲ್ದು."

ನನಗೆ ತಿಳಿದಿತ್ತು. ನಾನೂ ತಾಟು ಸರಿಸಿದೆ. ಮರುದಿನ ಅವಳ ಜೊತೆ ಬಸ್ಸು ಹತ್ತಿ, ಸಾವಕಾರರ ಮುಂದೆ ನಿಂತೆ.

"ತಪ್ಪು ಹುಡುಗೀದಲ್ರಿ, ನಂದರಿ" ಎಂದು ಆದದ್ದೆಲ್ಲ ಒದರಿದೆ.

ಅವರು ಗಂಭೀರವಾಗಿಯೇ ಕೇಳಿದರು. ಕೊನೆಗೆ, "ಕುರಿಗೂ ಹಚ್ಚಿದ್ರೇನ್ರಿ?" ಎಂದವರು ಕುರ್ಚಿ ಕಿರುಗುಟ್ಟುವಂತೆ ನಕ್ಕರು. "ಶಿಲ್ಪಾ, ಮೂಡಲಗಿ ಸೋಪು ಹುಕ್ಕೇರಿಗೆ ಹೊರಳಸವ್ವಾ. ನಿನ್ನ ಕೆಲಸ ಬರೋಬರಿ ಐತಿ, ಕಾಯಂ ಅಂತ ತಿಳಿ. ಖರೆ, ನಿಮ್ಮ ಆಯಿ ಯಾವಾಗ ಫೋನ್ ಹಚ್ತಾರ ಅನ್ನೂದ ಮೊದಲ ಕಂಪ್ಯೂಟರಿನ್ಯಾಗ ಬರಿ."

ಅವಳು ಬರೆದೇ ಬಿಟ್ಟಳು. ವ್ಯಾಪಾರ ಏರುವ ದಿನಗಳ ಪಟ್ಟಿಯಲ್ಲಿ ಪಂಚಮಿ, ದಸರಾ, ದೀಪಾವಳಿ. ಅವುಗಳ ಕೆಳಗೆ 'ಆಯಿ'. ಎರಡೇ ಅಕ್ಷರ, ಬೆರಳಿಟ್ಟು ನಾನೇ ಓದಿದೆ. ದೀಪಾವಳಿಯ ಬಾಜೂಕ ನಾನು! ಇದನ್ನು ತವರಿಗೆ ಮುಟ್ಟಿಸದೆ ಹೇಗಿರಲಿ? ಬಸ್‌ಸ್ಟ್ಯಾಂಡಿನಲ್ಲೇ ಬಸಪ್ಪನಿಗೆ ಫೋನು ಹಚ್ಚಿದೆ. ನಾನು ಬಾಯಿ ತೆಗೆಯುವ ಮೊದಲೇ ಆ ಕಡೆಯಿಂದ ಸೋತ ದನಿ ಬಂತು:

"ಈಗ ಏನ ತಗೋಬೇಕಕ್ಕಾ?"