ಕಲ್ಲು ಒಣಗುವ ತನಕ

ನೆಲ ಒರೆಸುವುದನ್ನು ಸಿನಿಮಾ ನೋಡಿದಂತೆ ನೋಡುವ ಗಂಡಸು ಇಡೀ ಇಳಕಲ್ಲಿನಲ್ಲಿ ಒಬ್ಬರೇ. ಅವರು ನಮ್ಮ ಮನೆಯವರು. ಒರೆಸುವವಳು ನಾನು, ಅದು ಬೇರೆ ಮಾತು! ನಾನು ಬಟ್ಟೆ ಹಿಂಡಿ ಏಳುವಷ್ಟರಲ್ಲಿ ಅವರು ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಾಗಿರುತ್ತದೆ. ನೆಲ ಪೂರ್ತಿ ಆರುವ ತನಕ ಯಾರೂ ತುಳಿಯುವಂತಿಲ್ಲ. ಆಚೆ ಒಲೆಯ ಮೇಲೆ ಬೇಳೆ ಸೀದರೂ ನಾನು ಈಚೆಯೇ ನಿಂತಿರಬೇಕು.

ಕಾರಣ ಇಷ್ಟೇ. ಅವರದು ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ನೋಡುವ ಕೆಲಸ. ಪಾಲಿಶ್ ಆದ ಕಲ್ಲಿನ ಮೇಲೆ ನೀರು ಸುರಿದು ಕಾಯಬೇಕು. ಕಲ್ಲೆಲ್ಲ ಒಣಗಿದ ಮೇಲೂ ಎಲ್ಲಾದರೂ ಎಳೆಯಷ್ಟು ತೇವ ಉಳಿದಿದ್ದರೆ ಅಲ್ಲಿ ಬಿರುಕಿದೆ ಎಂದರ್ಥ. ಮೂವತ್ತು ವರ್ಷ ಇದನ್ನೇ ಮಾಡಿದವರು ಮನೆಗೆ ಬಂದ ಮೇಲೆ ಕಣ್ಣನ್ನು ಅಂಗಿಯ ಜೊತೆ ಗೂಟಕ್ಕೆ ತೂಗುಹಾಕಲಾದೀತೇ?

ಒಮ್ಮೆ ಬಾದಾಮಿಯಲ್ಲಿ ನನ್ನ ತಂಗಿಯ ಹೊಸ ಮನೆಯ ಗೃಹಪ್ರವೇಶ. ಹಾಲು ಉಕ್ಕಿಸಲು ಎಲ್ಲ ಸಿದ್ಧವಾಗಿದೆ, ಅಯ್ಯನವರು ಗಡಿಯಾರ ನೋಡುತ್ತಿದ್ದಾರೆ. ಇವರು ಒಂದು ತಂಬಿಗೆ ನೀರನ್ನು ಅಡುಗೆಯ ಕಟ್ಟೆಯ ಮೇಲೆ ಸುರಿದು, ಒಣಗುವ ತನಕ ಒಲೆ ಇಡಬೇಡಿ ಎಂದುಬಿಟ್ಟರು! ಮುಹೂರ್ತ ಮೀರುತ್ತಿದೆ, ಬೀಗರು ಪಿಸುಗುಡುತ್ತಿದ್ದಾರೆ, ಇವರ ಮೂಗು ಕಟ್ಟೆಗೆ ಅಂಟಿದೆ. ಕೊನೆಗೆ ಎದ್ದು, ಬಲಗಡೆ ಬಿರುಕಿದೆ, ಈ ಕಲ್ಲು ನಿಲ್ಲುವುದಿಲ್ಲ ಎಂದು ತುಂಬಿದ ಸಭೆಯಲ್ಲಿ ಸಾರಿದರು. ತಂಗಿ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟಳು. ಮುಂದಿನ ಬೇಸಿಗೆಯಲ್ಲಿ ಕಟ್ಟೆ ಅದೇ ಜಾಗದಲ್ಲಿ ಸೀಳಿತು. ಈಗ ಅದಕ್ಕೂ ಇವರ ಬಾಯಿಯೇ ಕಾರಣ ಎನ್ನುತ್ತಾಳೆ.

ಹೋದ ವರ್ಷ ಕಾರ್ಖಾನೆಗೆ ಕ್ಯಾಮೆರಾ ಇರುವ ಯಂತ್ರವೊಂದು ಬಂತು. ಎಐ ಅಂತೆ. ಕಲ್ಲಿನ ಫೋಟೊ ತೆಗೆದು ಬಿರುಕು ಎಲ್ಲಿದೆ ಎಂದು ತಾನೇ ಹೇಳುತ್ತದಂತೆ. ಆದರೆ ಅದಕ್ಕೂ ಮೊದಲು ಯಾರಾದರೂ ಕಲಿಸಬೇಕಲ್ಲ? ಮಾಲೀಕರು ಇವರನ್ನೇ ಅದರ ಮುಂದೆ ಕೂರಿಸಿದರು. ಪರದೆಯ ಮೇಲೆ ಒಂದೊಂದೇ ಕಲ್ಲು ಬಂದ ಹಾಗೆ, ಇದು ಬಿರುಕು, ಇದು ಕಲ್ಲಿನ ಹುಟ್ಟುಗೆರೆ ಎಂದು ಗುರುತು ಹಾಕಿಕೊಡಬೇಕು.

ಅಂದಿನಿಂದ ಊಟಕ್ಕೆ ಕೂತರೆ ಯಂತ್ರದ್ದೇ ಪುರಾಣ. ಒಂದು ದಿನ ಯಾರದೋ ಉದುರಿದ ಕೂದಲನ್ನು ಬಿರುಕೆಂದಿತಂತೆ. ಮರುದಿನ ಚಹದ ಕಲೆಯನ್ನು. ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತುವುದಿಲ್ಲ ಎಂದು ತುತ್ತು ಕೈಯಲ್ಲೇ ಹಿಡಿದು ಕೊರಗುವರು. ಸ್ವಂತ ಮಗ ಗಣಿತದಲ್ಲಿ ನಪಾಸಾದಾಗ ಈ ಮನುಷ್ಯ ಎರಡು ರೊಟ್ಟಿ ಹೆಚ್ಚಿಗೆ ತಿಂದಿದ್ದರು!

ಒಂದು ಸಂಜೆ ನನಗೆ ತಡೆಯಲಾಗಲಿಲ್ಲ.

"ಅದು ಪೂರಾ ಕಲಿತ ಮ್ಯಾಲ ನಿಮಗೇನ್ ಕೆಲಸ ಉಳೀತೈತ್ರಿ?"

ಅವರು ರೊಟ್ಟಿ ಮುರಿಯುತ್ತ ಕೂತರು. ಜೊತೆಯವರೂ ಇದನ್ನೇ ಹೇಳುತ್ತಾರಂತೆ. ದಿನಕ್ಕೆ ನಾಲ್ಕು ತಪ್ಪು ಗುರುತು ಹಾಕು, ಯಂತ್ರ ತಾನಾಗಿಯೇ ಮೂಲೆ ಸೇರುತ್ತದೆ ಎಂದು. ನನಗೂ ಅದರಲ್ಲಿ ಬುದ್ಧಿವಂತಿಕೆ ಕಂಡಿತು. ಹಾಗೇ ಮಾಡಿ ಎಂದೆ.

"ತಪ್ಪು ಕಲಿಸಿದ್ರ ಆ ಕಲ್ಲು ಹೋಗಿ ಯಾರದರ ಅಡಗಿಮನ್ಯಾಗ ಸೀಳತೈತಿ," ಎಂದರು. "ಅವರು ನನಗೇನ್ ಮಾಡ್ಯಾರ?"

ಇಂಥವರ ಜೊತೆ ಸಂಸಾರ ಮಾಡುವುದು ಹೇಗೆ, ನೀವೇ ಹೇಳಿ! ಕಾಣದ ಊರಿನ ಯಾವಳೋ ಒಬ್ಬಳ ಅಡುಗೆಮನೆಯ ಚಿಂತೆ ಇದೆ. ನನ್ನ ಅಡುಗೆಮನೆಗೆ ಮುಂದೆ ಜೋಳ ಎಲ್ಲಿಂದ ಬರಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಲ್ಯ ಬಡಿಸಿದೆ. ಪಲ್ಯಕ್ಕೆ ಉಪ್ಪು ಹಾಕಿರಲಿಲ್ಲ ಎಂದು ಅವರು ಹೇಳಲಿಲ್ಲ. ಅವರಿಗೆ ಗೊತ್ತಾಗಿರಲಿಕ್ಕೂ ಇಲ್ಲ.

ಹೋದ ವಾರ ಮಧ್ಯಾಹ್ನವೇ ಮನೆಗೆ ಬಂದರು. ಬುತ್ತಿ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಕೇಳಿ ಕೇಳಿ ಸಾಕಾದ ಮೇಲೆ ಬಾಯಿಬಿಟ್ಟರು. ಬೆಳಿಗ್ಗೆ ಅವರು ನೋಡಿ ಚಲೋ ಇದೆ ಎಂದು ಬಿಟ್ಟ ಕಲ್ಲನ್ನು ಯಂತ್ರ ಬಿರುಕೆಂದು ತಡೆಯಿತಂತೆ. ಇವರು ನಕ್ಕು, ಮತ್ತೆ ನೀರು ಸುರಿದು ಕಾದಿದ್ದಾರೆ. ಕಲ್ಲು ಒಣಗಿತು, ಒಂದು ಎಳೆ ಒಣಗಲಿಲ್ಲ. ಯಂತ್ರ ಹೇಳಿದ್ದೇ ಖರೆ. ಸುತ್ತ ಯಾರೂ ಇರಲಿಲ್ಲ. ಇವರೇ ಹೋಗಿ ಮಾಲೀಕರನ್ನು ಕರೆದುಕೊಂಡು ಬಂದು, ತಪ್ಪಿದ್ದು ನನ್ನ ಕಣ್ಣು ಎಂದು ತೋರಿಸಿದ್ದಾರೆ. ಮಾಲೀಕರು ಕಲ್ಲನ್ನೂ ಇವರನ್ನೂ ನೋಡಿ, ಇನ್ನು ಮೇಲೆ ಕರೆದಾಗ ಬಂದರೆ ಸಾಕು ಎಂದರಂತೆ.

ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಬೈಯಲು ಹೋದೆ. ಅವರ ಮುಖ ನೋಡಿದೆ. ಒಂದು ತಂಬಿಗೆ ನೀರು ತಂದು ಮುಂದಿಟ್ಟೆ.

"ಭಾಳ ಚಲೋ ಕಲ್ತೈತಿ ಅದು," ಎಂದರು. ನೀರು ಕುಡಿದು ತಂಬಿಗೆ ಕೆಳಗಿಡುತ್ತ, "ನಾಳಿಂದ ನಾ ಏನ್ ನೋಡ್ಲಿ?"

ನಾನು ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಕೂತೆ.

"ನನ್ನ ನೋಡ್ರಿ."

ನೋಡಿದರು. ನನಗೇ ನಾಚಿಕೆಯಾಗುವಷ್ಟು ಹೊತ್ತು ನೋಡಿದರು.

"ನಿನ್ನ ತಲಿ ಇಷ್ಟ್ ಬೆಳ್ಳಗ ಯಾವಾಗ ಆತು?"

ಏಳೆಂಟು ವರ್ಷವಾಗಿತ್ತು.

"ಮೊನ್ನೆ ಮೊನ್ನೆರೀ," ಎಂದೆ.