ಹೆಸರು ಹೇಳಬಾರದವರಿಗೆ ಸನ್ಮಾನ

ಗಂಭೀರವಾದ ಕೆಲಸವನ್ನು ಗಂಭೀರವಾಗಿ ಮಾಡುವವರ ಸುತ್ತಲೇ ನಗೆಪಾಟಲಿನ ಸಂಗತಿಗಳು ನಡೆಯುತ್ತವೆ. ಕಾರಣ ತಿಳಿದಿದ್ದರೆ ತಡೆಯುತ್ತಿದ್ದೆ.

ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ ವೈದ್ಯರ ಸಂಘವೊಂದರ ಸಣ್ಣ ಪತ್ರಿಕೆಗೆ ಸಂಪಾದಕನಾಗಿದ್ದೇನೆ. ವಿಜಯನಗರದ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯೇ ಕಚೇರಿ. ನಮಗೆ ಬರುವ ಪ್ರತಿ ಲೇಖನವನ್ನೂ ಅಚ್ಚಿಗೆ ಮೊದಲು ಅದೇ ವಿಷಯ ಬಲ್ಲ ಮತ್ತೊಬ್ಬ ವೈದ್ಯರು ಓದಿ ತಪ್ಪು ತೋರಿಸಬೇಕು. ಅವರನ್ನು ರಿವ್ಯೂಯರ್ ಎನ್ನುತ್ತೇವೆ. ಅವರಿಗೆ ಸಂಭಾವನೆ ಇಲ್ಲ. ಅವರು ಯಾರೆಂದು ಲೇಖಕರಿಗೆ ತಿಳಿಯಕೂಡದು. ಈ ಎರಡು ನಿಯಮಗಳಲ್ಲಿ ನಾನು ಸಡಿಲಿಕೆ ತೋರಿದವನಲ್ಲ.

೧. ಪಕ್ಕದ ಮನೆಯ ಕಳಕಳಿ

ಮಕ್ಕಳ ಕಾಯಿಲೆಗಳ ಲೇಖನಗಳನ್ನು ಓದಲು ನಮಗಿರುವವರು ಒಬ್ಬರೇ: ಕೆಂಗೇರಿ ಉಪನಗರದ ನಿವೃತ್ತ ವೈದ್ಯೆ. ಅವರ ಕಣ್ಣು ತಪ್ಪಿಸಿ ಒಂದು ದಶಮಾಂಶ ಬಿಂದುವೂ ದಾಟಿದ್ದಿಲ್ಲ. ಒಂದು ದಿನ ಅವರು ಕಚೇರಿಗೇ ಬಂದು, "ಸಾಕು ಸರ್, ಇನ್ನು ಬಿಟ್ಬಿಡ್ತೀನಿ" ಎಂದರು. ಅವರು ಬಿಟ್ಟರೆ ಪತ್ರಿಕೆಯ ಮಕ್ಕಳ ವಿಭಾಗವನ್ನೇ ಮುಚ್ಚಬೇಕು. ಕಾರಣ ಕೇಳಿದೆ.

"ಪಕ್ಕದ ಮನೆ ಹುಡುಗಿ ಕೇಳಿದಳು, 'ದಿನಾ ಲ್ಯಾಪ್‌ಟಾಪ್ ಮುಂದೆ ಏನ್ ಮಾಡ್ತೀರಾ ಆಂಟಿ?' ಅಂತ. ಹೇಳಿದೆ. 'ದುಡ್ಡು ಕೊಡ್ತಾರಾ?' ಇಲ್ಲ ಅಂದೆ. 'ಹೆಸರಾದ್ರೂ ಹಾಕ್ತಾರಾ?' ಅದೂ ಇಲ್ಲ ಅಂದೆ. 'ಮತ್ತೆ ಕೆಲಸ ಹೆಂಗೆ ಬರುತ್ತೆ?' ಮೇಲ್ ಬರುತ್ತೆ, ತಡ ಆದ್ರೆ ಎಚ್ಚರಿಕೆ ಬರುತ್ತೆ ಅಂದೆ. ಅವಳು ನನ್ನ ಕೈ ಹಿಡ್ಕೊಂಡು ಮೆಲ್ಲಗೆ, 'ಆಂಟಿ, ಓಟಿಪಿ ಏನೂ ಹೇಳಿಲ್ಲ ತಾನೇ?' ಅಂದ್ಲು."

೨. ಒಂದು ಡಬ್ಬಿ ಸಿಹಿ

ಅವರು ಎದ್ದು ಹೊರಡುವ ಮೊದಲೇ ಯುವ ಲೇಖಕನೊಬ್ಬ ಸಿಹಿಯ ಡಬ್ಬಿಯೊಂದಿಗೆ ಒಳಬಂದ. ಅವನ ಲೇಖನವನ್ನು ಪದೇ ಪದೇ ಹಿಂದಿರುಗಿಸಿ ಕಡೆಗೆ ಒಪ್ಪಿದವರು ಇದೇ ವೈದ್ಯೆ. ಅವನಿಗೆ ಅದು ತಿಳಿಯದು.

"ಇದನ್ನ ರಿವ್ಯೂಯರ್ ಸಾರ್‌ಗೆ ತಲುಪಿಸ್ಬೇಕಿತ್ತು ಸಾರ್. ಹೆಸರು ಕೇಳ್ತಿಲ್ಲ. ಶುಗರ್ ಇದೆಯಾ ಅಂತ ಮಾತ್ರ ಹೇಳಿ."

"ಅದೂ ಗೋಪ್ಯ," ಎಂದೆ.

"ಸಿಕ್ಕಾಪಟ್ಟೆ ಸ್ಟ್ರಿಕ್ಟು ಸಾರ್ ಅವರು. ಮನೇಲಿ ಅವರ ಹೆಂಡ್ತಿ ಪಾಪ, ಹೆಂಗೆ ಸಂಸಾರ ಮಾಡ್ತಾರೋ."

ವೈದ್ಯೆ ಕಿಟಕಿಯ ಕಡೆ ನೋಡಿದರು. ಅವನು ಸೌಜನ್ಯದಿಂದ ಡಬ್ಬಿ ತೆರೆದು, "ನೀವೂ ತಗೊಳಿ ಮೇಡಂ" ಎಂದ. ಬೆಳ್ಳಿ ಹಾಳೆ ಹೊದಿಸಿದ ಗೋಡಂಬಿ ಬರ್ಫಿ. ಅವರು ನಿಧಾನವಾಗಿ ತಿಂದು ಮುಗಿಸಿ ಹೇಳಿದರು:

"ಒಳಗಿನ ಸರಕು ಚೆನ್ನಾಗಿದೆ. ಮೇಲಿನ ಅಲಂಕಾರ ಬೇಕಿರಲಿಲ್ಲ."

"ಅಯ್ಯೋ ಮೇಡಂ, ಆ ಮಹಾನುಭಾವರು ನನ್ನ ಲೇಖನಕ್ಕೂ ಇದನ್ನೇ ಬರೆದಿದ್ರು."

೩. ಫ್ಲೆಕ್ಸ್

ವೈದ್ಯೆಯನ್ನು ಉಳಿಸಿಕೊಳ್ಳುವ ಮಾರ್ಗವನ್ನು ಸಂಘದ ಕಾರ್ಯದರ್ಶಿ ಕಂಡುಹಿಡಿದರು. ಇವರು ಮೂಳೆ ವೈದ್ಯರು, ಉತ್ಸಾಹ ಹೆಚ್ಚು. "ರಿವ್ಯೂಯರ್‌ಗಳಿಗೆಲ್ಲ ಒಂದು ಸನ್ಮಾನ ಇಟ್ಕೊಳೋಣ ಸರ್. ಶಾಲು, ಪೇಟ, ಹಾರ. ಯಾರೂ ಬಿಟ್ಟು ಹೋಗಲ್ಲ."

ಮಕ್ಕಳ ವಿಭಾಗಕ್ಕೆ ರಿವ್ಯೂಯರ್ ಒಬ್ಬರೇ ಇರುವಾಗ ಅವರನ್ನು ವೇದಿಕೆ ಹತ್ತಿಸಿದರೆ ಲೇಖಕರೆಲ್ಲರಿಗೂ ಗುಟ್ಟು ತಿಳಿಯುತ್ತದೆ ಎಂದು ವಿವರಿಸಿದೆ. ಅಷ್ಟರಲ್ಲಿ ಅವರು ಮಾರೇನಹಳ್ಳಿಯಲ್ಲಿ ಫ್ಲೆಕ್ಸ್‌ಗೆ ಹೇಳಿಬಿಟ್ಟಿದ್ದರು. ನಾನೇ ಅಂಗಡಿಗೆ ಹೋಗಿ, ಸನ್ಮಾನಿತರ ಫೋಟೋ, ಹೆಸರು ಎರಡೂ ಹಾಕಕೂಡದೆಂದು ಸೂಚಿಸಿದೆ. ಅಂಗಡಿಯವನು ವಿಚಲಿತನಾಗಲಿಲ್ಲ.

"ತೊಂದ್ರೆ ಇಲ್ಲ ಸಾರ್. ಸನ್ಮಾನ ಮಾಡೋರ ಫೋಟೋನೇ ದೊಡ್ಡದಾಗಿ ಹಾಕ್ತೀನಿ. ಎಲ್ರೂ ಕೇಳೋದು ಅದನ್ನೇ."

ಕಾರ್ಯಕ್ರಮವನ್ನು ರದ್ದುಮಾಡಿದೆ.

೪. ಬಿನ್ನವತ್ತಳೆ

ವೇದಿಕೆ ಬೇಡವಾದರೆ ಮನೆಗೇ ಹೋಗಿ ಗೌರವಿಸೋಣವೆಂದರು ಕಾರ್ಯದರ್ಶಿ. ಇದರಲ್ಲಿ ನಿಯಮಭಂಗವಿರಲಿಲ್ಲ. ಮೆಟ್ರೋದಲ್ಲಿ ಕೆಂಗೇರಿಗೆ ಹೋದೆವು. ಶಾಲು ನನ್ನ ಕೈಯಲ್ಲಿ. ಗಾಜು ಹಾಕಿಸಿ ಬಣ್ಣದ ಕಾಗದ ಸುತ್ತಿದ ಬಿನ್ನವತ್ತಳೆ ಅವರ ಕೈಯಲ್ಲಿ. ಅದನ್ನು ಬರೆದವರು ಅವರು. ಅಡಿಯಲ್ಲಿ ಅಚ್ಚಾಗಿದ್ದ ಹೆಸರು ನನ್ನದು. ಈ ಸಂಗತಿ ನನಗೆ ಕಾಗದ ಬಿಚ್ಚಿದಾಗಲೇ ತಿಳಿಯಿತು.

ವೈದ್ಯೆ ಶಾಲನ್ನು ಕುರ್ಚಿಯ ಮೇಲಿಟ್ಟು, ಕನ್ನಡಕ ಏರಿಸಿಕೊಂಡು ಓದತೊಡಗಿದರು.

"'ಅಸಂಖ್ಯಾತ ಕಂದಮ್ಮಗಳ ಪ್ರಾಣದಾತೆ.' ಎಣಿಸೋಕೆ ಪ್ರಯತ್ನ ಮಾಡಿದ್ರಾ?"

ಅವರ ಬೆರಳು ಮುಂದಿನ ಸಾಲಿಗೆ ಇಳಿಯಿತು.

"'ಅಜಾತಶತ್ರು.' ನಿಮ್ಮ ಲೇಖಕರನ್ನ ಒಂದು ಮಾತು ಕೇಳಬಹುದಿತ್ತು. 'ಕೆಂಗೇರಿಯ ಕಣ್ಮಣಿ.' ಇದಕ್ಕೆ ಆಧಾರ?"

"ಅದು ಪ್ರಾಸಕ್ಕೆ ಮೇಡಂ," ಎಂದರು ಕಾರ್ಯದರ್ಶಿ.

"ಪ್ರಾಸ ಆಧಾರ ಅಲ್ಲ. ಈ ಗಾಜು ತೆಗೀರಿ."

ಮೂಳೆಗೆ ಸ್ಕ್ರೂ ಹಾಕುವ ಕಾರ್ಯದರ್ಶಿಯಿಂದಲೇ ಚೌಕಟ್ಟಿನ ಸ್ಕ್ರೂ ಬಿಚ್ಚಿಸಿದರು. ಕೆಂಪು ಪೆನ್ನು ತಂದು ಅಂಚಿನುದ್ದಕ್ಕೂ ಟಿಪ್ಪಣಿ ಬರೆದು, ಹಾಳೆಯನ್ನು ನನ್ನ ಕೈಗಿತ್ತರು. ಕೊನೆಯಲ್ಲಿ ಹೀಗಿತ್ತು: "ಉದ್ದೇಶ ಒಳ್ಳೆಯದು. ಗಣನೀಯ ತಿದ್ದುಪಡಿ ಅಗತ್ಯ. ತಿದ್ದಿ ಮತ್ತೆ ಸಲ್ಲಿಸುವುದು."

"ತಿದ್ದಿದ್ದನ್ನ ಯಾರು ನೋಡ್ತಾರೆ?" ಎಂದೆ. "ನೀವು ಬಿಡ್ತೀನಿ ಅಂದಿದ್ದೀರಿ."

"ಮೊದಲು ಓದಿದವರೇ ತಿದ್ದಿದ್ದನ್ನೂ ಓದಬೇಕು. ನಿಯಮ ನಿಮ್ಮದೇ ಅಲ್ವಾ ಸರ್? ಇದು ಮುಗಿಯೋವರೆಗೂ ಇರ್ತೀನಿ."

ಬಿನ್ನವತ್ತಳೆಯನ್ನು ನಾನೇ ಹೊಸದಾಗಿ ಬರೆದೆ. ಕಣ್ಮಣಿ ಹೋಯಿತು, ಅಜಾತಶತ್ರು ಹೋದ. ಅದರೊಂದಿಗೆ ಮಕ್ಕಳ ಜ್ವರದ ಕುರಿತ ಒಂದು ಲೇಖನವನ್ನೂ ಲಗತ್ತಿಸಿ ಕಳುಹಿಸಿದೆ. ಎರಡೂ ಕೆಂಪಾಗಿ ಹಿಂದಿರುಗಿದವು. ಮತ್ತೆ ತಿದ್ದಿದೆ, ಮತ್ತೊಂದು ಲೇಖನ ಲಗತ್ತಿಸಿದೆ. ಇದು ಈಗಲೂ ನಡೆದಿದೆ. ಶಿಷ್ಯರ ಒಂದು ಅಲ್ಪವಿರಾಮವನ್ನೂ ಕ್ಷಮಿಸದ ನಾನು, ಇತ್ತೀಚೆಗೆ ಪ್ರತಿ ಸಲವೂ ಬಿನ್ನವತ್ತಳೆಯಲ್ಲಿ ಬೇಕೆಂದೇ ಒಂದು ತಪ್ಪನ್ನು ಉಳಿಸಿ ಕಳುಹಿಸುತ್ತೇನೆ.

ಕಳೆದ ವಾರ ಹಿಂದಿರುಗಿದ ಪ್ರತಿಯ ಅಂಚಿನಲ್ಲಿ ಒಂದೇ ಸಾಲು ಇತ್ತು: "ಈ ಸಲ ಬಿಟ್ಟ ತಪ್ಪು ತೀರಾ ಸುಲಭವಾಯಿತು."