ಗೌಡರ ಟರ್ಬೊ ಕಾರೂ ತೊಂಬತ್ತು ಸೆಂಟ್ಸ್ ಮಳೆಯೂ

ಬಾಳ್ಳುಪೇಟೆಯಲ್ಲಿ ಇಪ್ಪತ್ತೈದು ವರ್ಷ ಜೀಪುಗಳ ಕಾರ್ಬುರೇಟರ್ ಬಿಚ್ಚಿ ಕಟ್ಟಿದವನು ನಾನು. ಕಿವಿಯೇ ನನ್ನ ಮೀಟರು. ಐವತ್ತು ದಾಟಿದ ಮೇಲೆ ಲ್ಯಾಪ್‌ಟಾಪ್ ಕೊಂಡು ಟರ್ಬೊ ಕಾರುಗಳ ಟ್ಯೂನಿಂಗ್ ಕಲಿತೆ. ಅಂದಿನಿಂದ ನನ್ನ ಮಾನ ಹೋಗುವ ಪ್ರಸಂಗಗಳಿಗೆ ಬರವೇ ಇಲ್ಲ.

ಮೊದಲ ಗಿರಾಕಿ ಹೆತ್ತೂರು ಕಡೆಯ ಎಸ್ಟೇಟಿನ ಗೌಡರು. ಪೆಟ್ರೋಲಿಗೆ ಎಥನಾಲ್ ಹೆಚ್ಚು ಬೆರೆಸಿದರೆ ಟರ್ಬೊ ಇಂಜಿನ್ ತಣ್ಣಗಿದ್ದು ಜೋರಾಗಿ ಎಳೆಯುತ್ತದೆ. ಆದರೆ ಬೆರಕೆ ಎಷ್ಟೆಂದು ತಿಳಿದು, ಅದಕ್ಕೆ ತಕ್ಕಂತೆ ಕಿಡಿ ಹೊತ್ತುವ ಸಮಯವನ್ನು ಲ್ಯಾಪ್‌ಟಾಪಿನಲ್ಲಿ ಹೊಂದಿಸಬೇಕು. ತಪ್ಪಿದರೆ ಪಿಸ್ಟನ್ ಹೋಗುತ್ತದೆ. ಗೌಡರ ಪಿಸ್ಟನ್ ಜೊತೆ ನನ್ನ ಗ್ಯಾರೇಜಿನ ಬೋರ್ಡೂ ಹೋಗುತ್ತಿತ್ತು. "ಜೀಪಿನವನಿಗೆ ಇದೆಲ್ಲ ಯಾಕೆ ಬೇಕಿತ್ತು" ಎನ್ನಲು ಊರು ಕಾದು ಕೂತಿತ್ತು. ನಿಜಕ್ಕೂ ಹೆದರಿದ್ದೆ.

ಇರುವೆ

ಗೌಡರ ತಾಯಿ ಕೇಳಿದರು, "ಅದೇನಪ್ಪಾ ಎಥನಾಲು?"

"ಕಬ್ಬಿಂದ ತೆಗೀತಾರಮ್ಮ."

ಮಾರನೆಯ ದಿನ ಹೋದರೆ ಕಾರಿನ ನಾಲ್ಕೂ ಚಕ್ರದ ಸುತ್ತ ಇರುವೆ ಸೀಮೆಸುಣ್ಣದ ಗೆರೆ! "ಕಬ್ಬು ಅಂದ್ಯಲ್ಲ, ಇರುವೆ ಮುತ್ಕೊಂಬುಟ್ರೆ ಏನ್ ಗತಿ?" ಎಂದರು. ನಾನು ನಗುತ್ತಾ ವಿವರಿಸಹೊರಟೆ. ಅವರು ಟ್ಯಾಂಕಿನ ಮುಚ್ಚಳ ತೋರಿಸಿ, "ನೋಡು, ಒಂದಾದ್ರೂ ಬಂದೈತಾ?" ಎಂದರು.

ಬಂದಿರಲಿಲ್ಲ. ನನ್ನ ಕೆಲಸ ಇನ್ನೂ ಶುರುವಾಗಿರಲಿಲ್ಲ, ಅವರದು ಆಗಲೇ ಮುಗಿದಿತ್ತು.

ಇಸಿಜಿ

ವನಗೂರಿನ ಏರಿನಲ್ಲಿ ಟ್ರಯಲ್. ಗೌಡರು ಓಡಿಸುತ್ತಿದ್ದರು, ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲೆ. ತಿರುವಿನಲ್ಲಿ ಎಸ್ಟೇಟಿನ ಜೀಪ್ ಡ್ರೈವರ್, ನನ್ನ ಹಳೇ ಸ್ನೇಹಿತ, ಕೈ ಅಡ್ಡ ಹಿಡಿದು ನಿಲ್ಲಿಸಿದ.

"ಏನ್ ಮಾರಾಯ, ಗಾಡಿಗೆ ಇಸಿಜಿ ತೆಗೀತಿದ್ದೀಯಾ? ಏರಲ್ಲಿ ಕಟಕಟ ಅಂತೈತಲ್ಲೋ ಇಂಜಿನ್ನು!"

"ಇದ್ರಲ್ಲಿ ಎಲ್ಲಾ ಸರಿಯಾಗೇ ತೋರಿಸ್ತೈತೆ ಕಣೋ. ಲೆಕ್ಕ ಹೇಳೋದು ಲ್ಯಾಪ್‌ಟಾಪು, ನೀನಲ್ಲ."

ಹೇಳಿದೆನಾದರೂ ಮನಸ್ಸು ತಡೆಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಕಿಟಕಿ ಇಳಿಸಿ, ಗೌಡರಿಗೆ ಇನ್ನೊಮ್ಮೆ ಏರು ಹತ್ತಿಸಲು ಹೇಳಿದೆ. ಕಟಕಟ ಸ್ಪಷ್ಟವಾಗಿ ಕೇಳಿಸಿತು. ವಿಚಾರಿಸಿದರೆ ಗೌಡರು, "ಬಾಳ್ಳುಪೇಟೇಲಿ ಅರ್ಧ ಟ್ಯಾಂಕ್ ಮಾಮೂಲಿ ಪೆಟ್ರೋಲ್ ಹಾಕಿಸ್ದೆ. ಅದೂ ಪೆಟ್ರೋಲೇ ಅಲ್ವೇನ್ರೀ?" ಎಂದರು. ನಾನು ಬೆರೆಸಿಕೊಟ್ಟು ಲ್ಯಾಪ್‌ಟಾಪಿಗೆ ಲೆಕ್ಕ ಕೊಟ್ಟಿದ್ದ ಬೆರಕೆಯೇ ಟ್ಯಾಂಕಿನಲ್ಲಿರಲಿಲ್ಲ. ಇನ್ನೆರಡು ಏರು ಹತ್ತಿದ್ದರೆ ಪಿಸ್ಟನ್ನಿಗೆ ತಿಥಿ.

ಕೆಳಗಿಳಿದಾಗ ಡ್ರೈವರ್ ಅಲ್ಲೇ ನಿಂತಿದ್ದ. "ನಾಳೆ ನನ್ ಜೀಪಿಗೂ ಇಸಿಜಿ ತೆಗಿ. ಆದ್ರೆ ಮೊದ್ಲು ನಿನ್ ಕಿವಿಗೆ ಒಂದು ತೆಗೆಸ್ಕೊ" ಎಂದ.

ಹೂಮಳೆ

ಟ್ಯಾಂಕಿನಲ್ಲಿ ಎಥನಾಲ್ ಎಷ್ಟಿದೆ ಎಂದು ಅಳೆಯದೆ ವಿಧಿಯಿರಲಿಲ್ಲ. ಪೆಟ್ರೋಲಿಗೆ ಒಂದಿಷ್ಟು ನೀರು ಹಾಕಿ ಕುಲುಕಿದರೆ ಎಥನಾಲೆಲ್ಲ ನೀರಿಗೆ ಸೇರಿಕೊಳ್ಳುತ್ತದೆ. ತಳದ ನೀರು ಎಷ್ಟು ಏರಿತೋ ಅಷ್ಟು ಎಥನಾಲ್. ಅಳತೆಯ ಗೆರೆಯಿರುವ ಗಾಜಿನ ಪಾತ್ರೆ ಎಸ್ಟೇಟಿನಲ್ಲಿ ಇದ್ದದ್ದು ಒಂದೇ, ಮಳೆ ಅಳೆಯುವ ಜಾರ್. ನಮ್ಮ ಕಡೆ ಮಳೆಯ ಲೆಕ್ಕ ಸೆಂಟ್ಸಿನಲ್ಲಿ, ನೂರು ಸೆಂಟ್ಸಿಗೆ ಒಂದಿಂಚು. ಆ ಜಾರಿಗೇ ಪೆಟ್ರೋಲು, ನೀರು ಸೇರಿಸಿ ನೂರು ಸೆಂಟ್ಸ್ ಗೆರೆಯವರೆಗೆ ತುಂಬಿ ಅಳೆದೆ. ಟ್ಯೂನಿಂಗ್ ತಿದ್ದಿ ಮತ್ತೆ ಏರು ಹತ್ತಿಸಿದರೆ ಕಟಕಟ ಮಾಯ! ನನ್ನ ಬೋರ್ಡು ಉಳಿಯಿತು. ಆ ಖುಷಿಯಲ್ಲಿ ಜಾರನ್ನು ಆಫೀಸಿನ ಜಗಲಿಯಲ್ಲೇ ಮರೆತು ಮನೆಗೆ ಹೋದೆ.

ಅದು ಕಾಫಿ ಹೂವಿಗೆ ಬೇಕಾದ ಮೊದಲ ಮಳೆಗಾಗಿ ಎಲ್ಲರೂ ಮೋಡ ನೋಡುತ್ತಿದ್ದ ಕಾಲ. ಬೆಳಿಗ್ಗೆ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ದಿನದ ವಾಡಿಕೆಯಂತೆ ಜಾರ್ ನೋಡಿದರು. ಆರಿ ಉಳಿದದ್ದು ತೊಂಬತ್ತು. ಮಳೆ ಪುಸ್ತಕದಲ್ಲಿ ಬರೆದು, ಸುತ್ತಲ ಎಸ್ಟೇಟುಗಳಿಗೆ ಫೋನನ್ನೂ ಮಾಡಿದರು.

ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ನಾಲ್ಕು ಜೀಪು. "ನಮಗೆ ಒಂದು ಹನೀನೂ ಇಲ್ಲ, ನಿಮಗ್ ಹೆಂಗೆ ತೊಂಬತ್ತು ಸೆಂಟ್ಸು?" ಎಂದು ನೆರೆಯವರು ಜಗಳಕ್ಕೇ ನಿಂತಿದ್ದರು. ನಾನು ತಪ್ಪೊಪ್ಪಿಕೊಂಡೆ. ಗೌಡರು ರೈಟರ್ ಕಡೆ ತಿರುಗಿದರು.

"ಅಲ್ರೀ ರೈಟರೇ, ನೆಲ ಧೂಳ್ ಎದ್ದೋಗ್ತೈತೆ. ಕಾಣ್ಲಿಲ್ವಾ?"

"ಕಾಣ್ತು ಸಾರ್. ಆದ್ರೆ ಲೆಕ್ಕ ಹೇಳೋದು ಜಾರು, ನೆಲ ಅಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ವನಗೂರಿನ ಏರಿನಲ್ಲಿ ಡ್ರೈವರಿಗೆ ನಾನು ಹೇಳಿದ್ದೂ ಇದೇ ಮಾತು. ಅವತ್ತಿನಿಂದ ಲ್ಯಾಪ್‌ಟಾಪ್ ತೆರೆಯುವ ಮೊದಲು ಕಿಟಕಿ ತೆರೆಯುತ್ತೇನೆ.

ಗೌಡರು ಬಿಡಲಿಲ್ಲ. "ಹೋಗ್ಲಿ, ಪೆಟ್ರೋಲ್ ವಾಸನೇನಾದ್ರೂ ಬರ್ಲಿಲ್ವೇನ್ರೀ?"

"ಬಂತು ಸಾರ್" ಎಂದರು ರೈಟರ್, "ಮೊದಲ್ನೇ ಮಳೆ ಅಲ್ವಾ, ಘಂ ಅಂತೈತೆ ಅನ್ಕೊಂಡೆ."